ತಾರಸಿ ಹತ್ತಿದೋರು ಯಾರು ಅಕ್ಕಾ?

ಅಕ್ಕಾ, ಬಟ್ಟೆ ಆಮೇಲೆ ಒಣಗಹಾಕೀರಂತೆ, ಸ್ವಲ್ಪ ಕಾಂಪೌಂಡ್ ಹತ್ರ ಬನ್ನಿ. ಬೆಳಿಗ್ಗೆ ನಿಮ್ಮ ತಾರಸಿ ಮೇಲೆ ಇಬ್ಬರು ಹುಡುಗರು ಓಡಾಡ್ತಿದ್ರಲ್ಲ, ಯಾರವರು? ನೀವು ಕರೆಸಿದ್ದಾ, ಅವರಾಗೇ ಬಂದಿದ್ದಾ?

ಅವರಾಗೇ ಬಂದ್ರಾ! ಕೊರಳಲ್ಲಿ ಕಾರ್ಡು, ಹೆಗಲಲ್ಲಿ ಬ್ಯಾಗು, ‘ಸೂರ್ಯಘರ್ ಯೋಜನೆಯೋರು, ಫ್ರೀ ಚೆಕಪ್’ ಅಂದ್ರಾ? ಮೇಲೆ ಹೋದೋರು ಹತ್ತೇ ನಿಮಿಷಕ್ಕೆ ಇಳಿದು ಬಂದು, ಮೂರು ಪ್ಯಾನೆಲ್ ಸುಟ್ಟಿವೆ, ಇನ್ವರ್ಟರ್ ಕಾರ್ಡು ಹೋಗಿದೆ, ಹಿಂಗೇ ಬಿಟ್ರೆ ಮನೆಗೆ ಬೆಂಕಿ ಅಂದ್ರಾ? ಹದಿನೆಂಟು ಸಾವಿರ ಆಗುತ್ತೆ ಅಂದಿದ್ದಕ್ಕೆ ನೀವು ಅಡ್ವಾನ್ಸು ಎರಡು ಸಾವಿರ ಫೋನಲ್ಲೇ ಹಾಕಿಬಿಟ್ರಾ? ಬೆಂಕಿ ಅಂದ್ಮೇಲೆ ಯಾರಿಗೆ ಎದೆ ಝಲ್ ಅನ್ನಲ್ಲ ಹೇಳಿ. ನೀವು ಹೆದರಿದ್ರಲ್ಲಿ ತಪ್ಪೇನಿಲ್ಲ. ಹೆದರಿಸಿ ದುಡ್ಡು ಕೀಳೋದೇ ಅವರ ಕಸುಬು.

ಅವರು ಮೇಲಿದ್ದಾಗ ಜೊತೆಗೆ ಯಾರಾದ್ರೂ ಹತ್ತಿದ್ರಾ? ಇಲ್ಲ ಅಲ್ವಾ. ಮಂಡಿನೋವು ಇಟ್ಕೊಂಡು ನೀವಾದ್ರೂ ಹೆಂಗೆ ಹತ್ತೀರಿ. ಎಲ್ಲ ಇರೋದು ಅಲ್ಲೇ ಅಕ್ಕಾ. ಅಡುಗೆಮನೆಗೆ ಬಂದ ಪ್ಲಂಬರ್ ಏನು ಮಾಡ್ತಾನೆ ಅಂತ ನಾವು ನಿಂತು ನೋಡ್ತೀವಿ. ತಾರಸಿ ಹತ್ತಿದೋನು ಏನು ಮಾಡಿದ ಅಂತ ನೋಡೋರೇ ಇಲ್ಲ. ನಿಮ್ಮ ಆರು ಪ್ಯಾನೆಲ್‌ನ ಒಂದಕ್ಕೊಂದು ವೈರ್ ಸೇರಿಸಿ ಒಂದೇ ಸಾಲು ಮಾಡಿರ್ತಾರೆ. ಆ ಸಾಲಲ್ಲಿ ಒಂದು ಕನೆಕ್ಟರ್ ಕಿತ್ರೂ ಸಾಕು, ಅಷ್ಟೂ ನಿಂತುಹೋಗುತ್ತೆ. ಹಂಗೆ ಕಿತ್ತು ಇಳಿದು ಬಂದು, ‘ನೋಡಿ ಅಮ್ಮ, ಕರೆಂಟೇ ಬರ್ತಿಲ್ಲ’ ಅಂತ ತೋರಿಸೋದು. ನಾಳೆ ಬಂದು ಅದನ್ನೇ ಮತ್ತೆ ಚುಚ್ಚಿ, ರಿಪೇರಿ ಆಯ್ತು ಅನ್ನೋದು. ಈ ಹುಡುಗರು ಅದನ್ನೇ ಮಾಡಿದ್ರು ಅಂತ ನಾನು ಹೇಳಲಾರೆ. ಆದ್ರೆ ನನ್ನ ಭಯ ದುಡ್ಡಿಗಿಂತ ದೊಡ್ಡದು. ಕೆಳಗೆ ಸ್ವಿಚ್ ಆಫ್ ಮಾಡಿದ್ರೂ ಬಿಸಿಲಿರೋವರೆಗೆ ಪ್ಯಾನೆಲಲ್ಲಿ ವೋಲ್ಟೇಜ್ ಇದ್ದೇ ಇರುತ್ತೆ. ಕೆಲಸ ಬರದವನು ಕೈಯಾಡಿಸಿ ಸಡಿಲ ಬಿಟ್ಟ ಜಾಯಿಂಟಲ್ಲೇ ನಿಜವಾದ ಬೆಂಕಿ ಹತ್ತೋದು.

ಪ್ಯಾನೆಲ್ ಸುಡೋದೇ ಇಲ್ಲ ಅಂತಲ್ಲ. ಹಕ್ಕಿ ಹಿಕ್ಕೆ, ಇಲ್ಲಾ ತೆಂಗಿನ ಗರಿ ನೆರಳು ದಿನಾ ಒಂದೇ ಮೂಲೆಗೆ ಬೀಳ್ತಿದ್ರೆ ಆ ಜಾಗ ಮಾತ್ರ ಕಾಯುತ್ತೆ, ಅದಕ್ಕೆ ಹಾಟ್‌ಸ್ಪಾಟ್ ಅಂತಾರೆ. ಸರಿಯಾಗಿ ಕಂಡುಹಿಡಿಯೋಕೆ ಶಾಖ ತೋರಿಸೋ ಕ್ಯಾಮೆರಾ ಬೇಕು, ಒಳ್ಳೆ ಬಿಸಿಲೂ ಬೇಕು. ಈ ಆಷಾಢದ ಮೋಡದಲ್ಲಿ, ಬರಿಗಣ್ಣಲ್ಲಿ, ಹತ್ತು ನಿಮಿಷಕ್ಕೆ ಮೂರು ಹೆಂಗೆ ಸಿಕ್ಕವು?

ಮೊಬೈಲಲ್ಲೂ ಸೊನ್ನೆ ತೋರಿಸ್ತಿದೆ ಅಂತೀರಾ? ಹೋದ ವಾರ ವೈಫೈ ಬದಲಾಯಿಸಿದ್ರಲ್ಲ! ಹೊಸ ಪಾಸ್‌ವರ್ಡ್ ಇನ್ವರ್ಟರ್‌ಗೆ ಯಾರು ಹೇಳಿದ್ರು? ಅದು ಕರೆಂಟ್ ತಯಾರಿಸ್ತಾನೇ ಇರುತ್ತೆ, ಮೊಬೈಲ್‌ಗೆ ಸುದ್ದಿ ಕಳಿಸೋಕೆ ಆಗಲ್ಲ ಅಷ್ಟೆ. ಮಧ್ಯಾಹ್ನ ಇನ್ವರ್ಟರ್ ಮೇಲೇ ಎಷ್ಟು ಯೂನಿಟ್ ಅಂತ ನೋಡಿ. ಮೂರು ಕಿಲೋವ್ಯಾಟ್‌ಗೆ ಒಳ್ಳೆ ಬಿಸಿಲಿದ್ರೆ ದಿನಕ್ಕೆ ಹನ್ನೆರಡು ಯೂನಿಟ್ ಆಸುಪಾಸು ಬರುತ್ತೆ. ಇಂಥ ಮೋಡದ ದಿನ ಅದರಲ್ಲಿ ಅರ್ಧವೂ ಬರದೇ ಇರಬಹುದು. ಇನ್ನೊಂದು, ಬೆಸ್ಕಾಂ ಕರೆಂಟ್ ಹೋದಾಗ ನಿಮ್ಮದು ತಾನಾಗೇ ಆಫ್ ಆಗುತ್ತೆ. ಅದು ಕೆಟ್ಟಿದ್ದಲ್ಲ. ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮನ್‌ಗೆ ನಮ್ಮ ಸೋಲಾರ್ ಕರೆಂಟ್ ಹೊಡೀಬಾರದು ಅಂತಲೇ ಹಂಗೆ ಮಾಡಿರೋದು. ಇಷ್ಟು ಗೊತ್ತಿಲ್ಲದೆ ಎಷ್ಟು ಮನೆಯೋರು ‘ಕಾರ್ಡು ಹೋಗಿದೆ’ ಅನ್ನೋದನ್ನ ನಂಬಿ ದುಡ್ಡು ಸುರೀತಾರೋ, ನನಗೆ ಸಂಕಟ ಆಗುತ್ತೆ.

ನಮ್ಮ ಪಾವಗಡದ ಸೋಲಾರ್ ಪಾರ್ಕಲ್ಲೇ ನೋಡಿ, ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್. ಅಲ್ಲಿ ಇಂಜಿನಿಯರುಗಳಿದ್ದಾರೆ, ಒಂದು ಸಾಲು ಕಡಿಮೆ ಕೊಟ್ರೆ ಕೇಳೋರಿದ್ದಾರೆ. ನಿಮ್ಮ ಆರು ಪ್ಯಾನೆಲ್‌ಗೆ ದಿಕ್ಕು ಯಾರು? ಬೆಲ್ ಒತ್ತಿದೋನೇ ಇಂಜಿನಿಯರ್. 2024ರಲ್ಲಿ ಈ ಸೂರ್ಯಘರ್ ಯೋಜನೆ ಶುರುಮಾಡಿ ಒಂದು ಕೋಟಿ ಮನೆಗೆ ಸೋಲಾರ್ ಅಂದ್ರು. ಒಳ್ಳೇದೇ, ನಾನೇ ನಿಮಗೆ ಹಾಕಿಸಿ ಅಂದೋಳು. ಆದ್ರೆ ಮನೆ ಮೇಲೆ ಕೂರಿಸಿಕೊಟ್ಟಷ್ಟೇ ಶ್ರದ್ಧೆಯಿಂದ, ಆಮೇಲೆ ಅದನ್ನ ನೋಡ್ಕೊಳ್ಳೋದು ಹೆಂಗೆ ಅಂತ ಮನೆಯೋರನ್ನ ಕೂರಿಸಿ ಹೇಳಿಕೊಡಬೇಕಿತ್ತು. ವಯಸ್ಸಾದೋರು ಇಬ್ಬರೇ ಇರೋ ಮನೆಗಂತೂ ಇದು ಬೇಕೇ ಬೇಕಿತ್ತು.

ನಿಮಗೆ ಸಬ್ಸಿಡಿ 78,000 ಸೀದಾ ಬ್ಯಾಂಕಿಗೇ ಬಂತಲ್ಲ, ಯಾರೂ ಬಾಗಿಲಿಗೆ ತಂದುಕೊಡಲಿಲ್ಲ. ಹಂಗಾಗಿ ‘ಇನ್ನೂ ಸಬ್ಸಿಡಿ ಬಾಕಿ ಇದೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂತ ಯಾರಾದ್ರೂ ಅಂದ್ರೆ ಬಾಗಿಲು ಹಾಕಿಬಿಡಿ. ದುಡ್ಡು ಬರೋದಕ್ಕೆ ಪಿನ್ ಬೇಕಿಲ್ಲ. ಅದೇ ಯೋಜನೇಲಿ ಹಾಕಿಸಿದೋರಿಗೆ ಐದು ವರ್ಷ ರಿಪೇರಿ, ನಿಗಾ ಎಲ್ಲ ಹಾಕಿಕೊಟ್ಟ ವೆಂಡರ್‌ದೇ ಜವಾಬ್ದಾರಿ. ನಿಮ್ಮದಿನ್ನೂ ಹೋದ ವರ್ಷ ಹಾಕಿಸಿದ್ದು! ಬೇರೆ ಯಾರೋ ಬಿಚ್ಚಿದ್ರೆ ವಾರಂಟಿಗೂ ಕುತ್ತು. ಬೆಸ್ಕಾಂನೋರು ಬಂದ್ರೂ ನೋಡೋದು ಅವರ ಮೀಟರ್‌ನ. ಪ್ಯಾನೆಲ್ ರಿಪೇರಿಗೆ ಬಾಗಿಲಲ್ಲಿ ದುಡ್ಡು ಕೇಳೋದು ಅವರ ಕೆಲಸ ಅಲ್ಲ. ಅನುಮಾನ ಬಂದ್ರೆ 1912ಕ್ಕೆ ಫೋನ್ ಮಾಡಿ ಕೇಳಿ. ವೆಂಡರ್ ನಂಬರ್ ಮಾತ್ರ ನೆಟ್‌ನಲ್ಲಿ ಹುಡುಕಬೇಡಿ ಅಕ್ಕಾ, ಕಂಪನಿ ಹೆಸರಲ್ಲಿ ಕಳ್ಳ ನಂಬರ್ ಹಾಕಿ ಕೂತಿರ್ತಾರೆ. ಬಿಲ್ಲಲ್ಲಿ, ವಾರಂಟಿ ಕಾಗದದಲ್ಲಿ ಇರೋದೇ ನಂಬರ್.

ಪ್ಯಾನೆಲ್ ಬೆನ್ನಿಗೆ ಸೀರಿಯಲ್ ನಂಬರ್ ಸ್ಟಿಕ್ಕರ್ ಇರುತ್ತೆ. ನಮ್ಮ ಹುಡುಗ ಸಂಜೆ ಬರ್ತಾನೆ, ಆರರದ್ದೂ ಫೋಟೋ ತೆಗೆಸಿಕೊಡ್ತೀನಿ. ‘ರಿಪೇರಿಗೆ ಒಯ್ತೀವಿ’ ಅಂತ ಒಳ್ಳೇದನ್ನ ಒಯ್ದು ಹಳೇದನ್ನ ತಂದು ಕೂರಿಸಿದ್ರೂ ಗೊತ್ತಾಗುತ್ತೆ.

ಏನಂದ್ರಿ, ಮಗನಿಗೆ ಹೇಳಬೇಡ ಅಂತನಾ? ಬೈತಾನೆ ಅಂತನಾ? ಅಕ್ಕಾ, ಹಿಂಗೆ ಮುಚ್ಚಿಡೋದರಿಂದಲೇ ಅವರು ನಾಳೆ ಪಕ್ಕದ ಬೀದಿಗೆ ಹೋಗೋದು. ನ್ಯಾಯವಾಗಿ ದುಡಿಯೋ ಸೋಲಾರ್ ಹುಡುಗರು ನಮ್ಮೂರಲ್ಲಿ ಎಷ್ಟೋ ಜನ ಇದ್ದಾರೆ, ಇಂಥೋರಿಂದ ಅವರ ಅನ್ನಕ್ಕೂ ಕಲ್ಲು. ನಿಮ್ಮ ದುಡ್ಡು ಅವರ ಖಾತೆಯಿಂದ ದಾಟೋದಕ್ಕೆ ಮುಂಚೆ ದೂರು ಹೋದ್ರೆ ತಡೆಯೋ ದಾರಿ ಉಂಟು, ಅದಕ್ಕೇ ಇರೋದು ಸೈಬರ್ ವಂಚನೆ ಸಹಾಯವಾಣಿ 1930. ಮಗನ ವಿಷಯ ರಾತ್ರಿ ನೋಡೋಣ. ಒಳಗಿಂದ ಫೋನ್ ತನ್ನಿ, ದುಡ್ಡು ಹೋದ ಮೆಸೇಜ್ ತೆಗೀರಿ, ನಂಬರ್ ನಾನೇ ಒತ್ತಿಕೊಡ್ತೀನಿ.