ಚುರಮರಿ ಬಂದರೇ ಕೋರಂ

ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಸಂಘಗಳಿಗೆ ಯಾವತ್ತೂ ಬರ ಬಂದಿಲ್ಲ. ಮಳೆಗೆ ಬಂದಿದೆ, ಮಾಸ್ತರರಿಗೆ ಬಂದಿದೆ, ಸಂಘಗಳಿಗೆ ಮಾತ್ರ ಇಲ್ಲ. ಜೂನ್‌ನಲ್ಲಿ ಸಾಲಿ ಶುರುವಾಗಿ ಪುಸ್ತಕಗಳು ಕೈಗೆ ಬರುವುದರೊಳಗೇ ಕನ್ನಡ ಸಂಘ, ವಿಜ್ಞಾನ ಸಂಘ, ಕ್ರೀಡಾ ಸಂಘ, ಶಾಲಾ ಸಂಸತ್ತು ಎಲ್ಲಕ್ಕೂ ಅಧ್ಯಕ್ಷರು, ಕಾರ್ಯದರ್ಶಿಗಳು ಹುಟ್ಟಿಕೊಂಡಿರುತ್ತಿದ್ದರು. ಈಗ ಇಕೋ ಕ್ಲಬ್ಬೂ ಸೇರಿಕೊಂಡಿದೆ. ಆದರೆ ಹುಟ್ಟಿದ್ದೆಲ್ಲ ಬದುಕುತ್ತಿರಲಿಲ್ಲ. ಯಾವ ಸಂಘ ಮಾರ್ಚ್‌ ತನಕ ಬಾಳುತ್ತದೆ, ಯಾವುದು ಉದ್ಘಾಟನೆಯ ದಿನವೇ ತೀರಿಕೊಳ್ಳುತ್ತದೆ ಎಂಬುದು ಸಭೆಯಲ್ಲಿ ತಿನ್ನಲು ಏನು ಕೊಡುತ್ತಾರೆ ಎಂಬುದರ ಮೇಲೆ ನಿಂತಿತ್ತು.

ನಾನು ಓದಿದ್ದು ಬೀಳಗಿ ತಾಲ್ಲೂಕಿನಲ್ಲಿ, ಈಗ ಸಕ್ಕರೆ ಕಾರ್ಖಾನೆ ಇರುವ ಬಾಡಗಂಡಿಯ ಆಸುಪಾಸಿನಲ್ಲಿ. ಆಗ ನಮ್ಮದು ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ವಿಜ್ಞಾನ ಸಂಘದ ಸರ್ ಬಲು ಪ್ರಾಮಾಣಿಕರು. ಮೊದಲ ಸಭೆಯಲ್ಲಿ ಮೆಗ್ನೀಸಿಯಂ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ತೋರಿಸಿದರು. ಕಣ್ಣು ಕೋರೈಸುವ ಬೆಳಕಾಯಿತು, ಬಿಳಿ ಬೂದಿ ಉದುರಿತು. ಮುಂದೇನು ಬರುತ್ತದೆಂದು ನಾವೆಲ್ಲ ಬಾಗಿಲ ಕಡೆ ನೋಡಿದೆವು. ಏನೂ ಬರಲಿಲ್ಲ. ಎರಡನೆಯ ಸಭೆಗೆ ಹೋದವನು ಕಾರ್ಯದರ್ಶಿ ಒಬ್ಬನೇ. ಅದೂ ಕೋಣೆಯ ಕೀಲಿ ಅವನ ಕಿಸೆಯಲ್ಲಿತ್ತೆಂಬ ಕಾರಣಕ್ಕೆ. ಅದೇ ಕನ್ನಡ ಸಂಘದ ಸಭೆಗೆ ಎಸ್ಸೆಸ್ಸೆಲ್ಸಿ ಮುಗಿಸಿ ಹೊಲದ ಕೆಲಸ ಹಿಡಿದವರೂ ಬಂದು ಹಿಂದಿನ ಬೆಂಚಿನಲ್ಲಿ ಭಕ್ತಿಯಿಂದ ಕೂಡುತ್ತಿದ್ದರು. ಅಲ್ಲಿ ಒಗ್ಗರಣಿ ಚುರಮರಿ ಇತ್ತು.

ಚುರಮರಿಗೆ ಮುಪ್ಪು ಬಹಳ ಬೇಗ ಬರುತ್ತದೆ. ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿ ಕಲಸಿದ ಮೇಲೆ ತಡಮಾಡುವಂತಿಲ್ಲ. ಮಾಡಿದರೆ ಮೆತ್ತಗಾಗಿ, ತಿನ್ನುವವನಿಗೂ ಮಾಡಿದವನಿಗೂ ಮನಸ್ತಾಪ. ಹೀಗಾಗಿ ಸಭೆಯ ವೇಳೆ ಇದ್ದದ್ದು ಅಧ್ಯಕ್ಷರ ಕೈಯಲ್ಲಿ ಅಲ್ಲ, ನಮ್ಮ ಶಿಪಾಯಿ ಕಾಕಾನ ಕೈಯಲ್ಲಿ. ಮುಖ್ಯ ಅತಿಥಿಗಳು ಪಂಪನಿಂದ ಹೊರಟು, ನಮ್ಮ ಮುಧೋಳದ ರನ್ನನ ಹತ್ತಿರ ಬಂದು ನಿಂತಾಗ, ಕಾಕಾ ಬಾಗಿಲಲ್ಲಿ ತಲೆ ಹಾಕಿ ಎಲ್ಲರಿಗೂ ಕೇಳುವಂತೆ ಹೆಡ್‌ಮಾಸ್ತರರನ್ನು ಕೇಳುತ್ತಿದ್ದ: ‘ಸರ, ಈಗ ಕಲಸಬೇಕ್ರ್ಯೋ, ಇವರದು ಇನ್ನೂ ಭಾಳ ಐತ್ರ್ಯೋ?’ ಅತಿಥಿಗಳು ಜಾಣರಾದರೆ ರನ್ನನಿಂದ ಒಂದೇ ಜಿಗಿತಕ್ಕೆ ಕುವೆಂಪುವರೆಗೆ ಬಂದು, ಸಮಯದ ಅಭಾವವೆಂದು ಕೈಮುಗಿದು ಕೂಡುತ್ತಿದ್ದರು. ನಡುವಿನ ಸಾವಿರ ವರ್ಷದ ಸಾಹಿತ್ಯ ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ.

ಚುರಮರಿಗೆ ರೊಕ್ಕ ಬೇಕು. ಹುಡುಗರ ತಲೆಗೆ ನಾಲ್ಕಾಣೆಯಂತೆ ಪಟ್ಟಿ ಹಾಕಿದರೆ ಅರ್ಧ ಮಂದಿ ಕೊಡುತ್ತಿದ್ದರು, ಪೂರ್ತಿ ಮಂದಿ ತಿನ್ನುತ್ತಿದ್ದರು. ಇದರ ಮೇಲೆ ಸರ್ಕಾರದ ಕೂಡಿಕೆ ಬೇರೆ. ಅಕ್ಟೋಬರ್ ಬಂತೆಂದರೆ ಕ್ಷಯರೋಗ ನಿವಾರಣೆಯ ಸೀಲುಗಳು, ಡಿಸೆಂಬರ್ 7 ಬಂತೆಂದರೆ 1949ರಿಂದ ನಡೆದುಬಂದ ಧ್ವಜ ದಿನದ ಕಾಗದದ ಬಾವುಟಗಳು. ಬಾವುಟ ಸುಲಭ, ಅಂಗಿಗೆ ಚುಚ್ಚಿ ಕೈ ಚಾಚಿದರೆ ಮುಗಿಯಿತು. ಸೀಲು ಹಾಗಲ್ಲ, ನೋಡಲು ಥೇಟ್ ಅಂಚೆ ಚೀಟಿ. ನಮ್ಮ ಮಾವ ಒಂದು ಹಾಳೆ ಪೂರಾ ಕೊಂಡು, ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ, ವರ್ಷವಿಡೀ ಬೀಗರಿಗೆ ಅದನ್ನೇ ಅಂಟಿಸಿ ಪತ್ರ ಹಾಕಿದ. ಬೇರಿಂಗ್ ಪತ್ರವೆಂದು ಅಂಚೆಯವನು ಆ ಕಡೆ ದುಪ್ಪಟ್ಟು ವಸೂಲಿ ಮಾಡುತ್ತಿದ್ದ. ಬೀಗತನ ಸಡಿಲವಾದದ್ದು ಯಾಕೆಂದು ಮಾವನಿಗೆ ಮುಂದಿನ ಅಕ್ಟೋಬರ್‌ವರೆಗೆ ಹೊಳೆಯಲಿಲ್ಲ.

ಬೇಡುವುದು ಬೇಡ, ದುಡಿದು ತರಬೇಕು ಅನ್ನುವ ಒಂದೇ ಒಂದು ಬಳಗವೆಂದರೆ ಸ್ಕೌಟು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ 1950ರ ನವೆಂಬರ್ 7ರಂದು ಹುಟ್ಟಿದ್ದು. ಅವರಲ್ಲಿ ‘ಖರಿ ಕಮಾಯಿ’ ಎಂಬ ಕ್ರಮವಿದೆ. ಹುಡುಗರು ಊರ ಮನೆ, ಅಂಗಡಿಗಳಿಗೆ ಹೋಗಿ ಏನಾದರೊಂದು ಕೆಲಸ ಮಾಡಿಕೊಟ್ಟು, ಅವರು ಕೊಟ್ಟ ಕೂಲಿಯನ್ನು ದಳದ ನಿಧಿಗೆ ತಂದು ಹಾಕಬೇಕು. ಪೇಟೆಯ ಹುಡುಗರಿಗೆ ಇದು ಹೊಸ ಅನುಭವವಾಗಬಹುದು. ದಿನಾ ಸಗಣಿ ಬಳಿದು, ಎಮ್ಮೆ ಕಟ್ಟಿ ಸಾಲಿಗೆ ಬರುವ ನಮಗೆ ಇದರಲ್ಲಿ ಹೊಸದೆಂದರೆ ಕೊರಳಿನ ಸ್ಕಾರ್ಫ್ ಒಂದೇ. ‘ಮನ್ಯಾಗ ಒಂದ್ ಕೊಡ ನೀರ್ ತಾ ಅಂದ್ರ ಕಾಲ್ ನೋಯ್ತಾವ ನಿನಗ. ಕೊಳ್ಳಾಗ ಅರಬಿ ಸುತ್ಕೊಂಡು ಮಂದಿ ಮನಿ ಕಸಾ ಹೊಡ್ಯಾಕ ಹೊಂಟಿ ಏನೋ ಭಾಡ್ಯಾ?’ ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಬೀಳ್ಕೊಟ್ಟಳು.

ನಾವು ಹೋದದ್ದು ಬೆಲ್ಲದ ಗಾಣಕ್ಕೆ. ಇದು ಕಬ್ಬಿನ ಸೀಮೆ. ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಕೇಳದವರು ಇತ್ತ ಇಲ್ಲ. ಕಬ್ಬು ಹೊರುವುದು, ರವದಿ ತಂದು ಒಲೆಗೆ ಒಟ್ಟುವುದು ನಮ್ಮ ಪಾಲಿಗೆ ಬಂದ ದೇಶಸೇವೆ. ಗಾಣದ ಸಾವ್ಕಾರರು ಧಾರಾಳಿಗಳು. ಕೆಲಸಕ್ಕಿಂತ ಮೊದಲು ಕಬ್ಬಿನಹಾಲು, ನಡುವೆ ಮತ್ತೊಮ್ಮೆ ಕಬ್ಬಿನಹಾಲು, ಕೊಪ್ಪರಿಗೆ ಇಳಿದ ಮೇಲೆ ಕಬ್ಬಿನ ಸಿಬರಿಗೆ ಸುತ್ತಿದ ಬಿಸಿ ಬೆಲ್ಲ, ಹೊರಡುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಕೂಲಿಯ ಮಾತು ಬಂದಾಗ ಅವರು ಸ್ಕೌಟ್ ಮಾಸ್ತರರನ್ನು ಮರ್ಯಾದೆಯಿಂದಲೇ ಕೇಳಿದರು: ‘ಸರ, ಹುಡುಗೂರು ಹೊತ್ತ ಕಬ್ಬು ಹೆಚ್ಚೋ, ತಿಂದ ಕಬ್ಬು ಹೆಚ್ಚೋ, ನೀವ ಲೆಕ್ಕಾ ಮಾಡ್ರಿ.’ ಮಾಸ್ತರರು ಗಣಿತದವರು. ಲೆಕ್ಕ ಮನಸ್ಸಿನಲ್ಲೇ ಮಾಡಿ, ನಮಸ್ಕಾರ ಹೇಳಿ, ನಮ್ಮನ್ನು ಸಾಲಾಗಿ ನಿಲ್ಲಿಸಿಕೊಂಡು ಹೊರಟುಬಿಟ್ಟರು.

ಇದಕ್ಕೆ ನಾಚಬೇಕಿಲ್ಲ ಎಂಬುದು ನನ್ನ ವಾದ. ಈ ಭಾಗದಲ್ಲಿ ವಿದ್ಯೆ ಬಂದದ್ದೇ ಸಂಘದ ಮೂಲಕ, ಕೈಯೊಡ್ಡಿದವರ ಮೂಲಕ. ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಸ್ವಾಮಿಗಳು ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವನ್ನು ಆರಂಭಿಸಿದ್ದು 1906ರಲ್ಲಿ, ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಬಿ.ಎಲ್‌.ಡಿ.ಇ. ಸಂಸ್ಥೆ ಕಟ್ಟಿದ್ದು 1910ರಲ್ಲಿ. ಅಂಥ ಹಿರಿಯರಿಗೆ ಜನ ಕೊಟ್ಟದ್ದು ಉಳಿಯಿತು, ಕಟ್ಟಡವಾಯಿತು. ನಮಗೆ ಕೊಟ್ಟದ್ದು ಸಂಜೆಯೊಳಗೆ ಅರಗಿತು. ವ್ಯತ್ಯಾಸ ಇಷ್ಟೇ.

ಈಗಿನ ಹುಡುಗರು ನಮ್ಮಷ್ಟು ದಡ್ಡರಲ್ಲ. ಅವರಿಗೆ ಮಕ್ಕಳ ಸಂತೆಯಿದೆ. ಲಾಭ-ನಷ್ಟ, ತೂಕ-ಅಳತೆ ಕಲಿಯಲಿ ಎಂದು ಸಾಲಿಯ ಅಂಗಳದಲ್ಲೇ ವರ್ಷಕ್ಕೊಮ್ಮೆ ಹೂಡುತ್ತಾರೆ. ಮಗಳ ಸಾಲಿಯ ಸಂತೆಗೆ ಹೋಗಿದ್ದೆ. ಎಂಟನೆಯ ಇಯತ್ತೆಯ ಹುಡುಗನೊಬ್ಬ ಗೋಣಿಚೀಲ ಹಾಸಿ ಮೆಂತೆಪಲ್ಲೆ ಹಚ್ಚಿದ್ದ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಚೌಕಾಸಿಗೆ ಇಳಿದಿದ್ದವನು ಅವನ ಅಪ್ಪ.

‘ಸೂಡಿಗೆ ಹತ್ತು ರೂಪಾಯಿ.’

‘ಲೇ, ನಸುಕಿನ್ಯಾಗ ನಾನ ಕಿತ್ತು ಕೊಟ್ಟೀನಲ್ಲೋ!’

‘ಅದು ಮನ್ಯಾಗಿನ ಮಾತು. ಇಲ್ಲಿ ಹತ್ತು ರೂಪಾಯಿ.’

ಅಪ್ಪ ಕೊಟ್ಟ. ತನ್ನ ಹೊಲದ ಪಲ್ಲೆಯನ್ನು ತಾನೇ ಕೊಂಡು, ಮತ್ತೆ ಅದೇ ಮನೆಗೆ ಒಯ್ದ. ಕೊಂಡ ಬೆಲೆ ಸೊನ್ನೆಯಾದ್ದರಿಂದ ಲಾಭ ಶೇಕಡಾ ಎಷ್ಟೆಂದು ಬರೆಯಬೇಕೆಂಬುದು ಹುಡುಗನ ಸಂಶಯ. ಗಣಿತದ ಅಕ್ಕೋರು ಅತ್ತ ಮಿರ್ಚಿ ಭಜಿಯ ಸಾಲಿನಲ್ಲಿ ನಿಂತಿದ್ದರು. ಭಜಿಯ ಅಂಗಡಿಯ ಮೂವರು ಹುಡುಗಿಯರದು ಬೇರೆಯೇ ಪೇಚು. ಮೊದಲ ಘಾಣ ರುಚಿ ನೋಡಲು ಹೋಯಿತು, ಎರಡನೆಯದು ಗೆಳತಿಯರಿಗೆ ಉದ್ರಿ ಹೋಯಿತು, ಮೂರನೆಯದಕ್ಕೆ ಕಡ್ಲಿ ಹಿಟ್ಟು ತೀರಿತು.

ದೂರದ ಮಂದಿ ಈ ವಿಷಯದಲ್ಲಿ ಗಟ್ಟಿಗರು. ಅಮೆರಿಕದ ಒಕ್ಲಹೋಮಾದ ಮಸ್ಕೋಗಿ ಎಂಬ ಊರಿನಲ್ಲಿ ಗರ್ಲ್ ಸ್ಕೌಟ್ ಹುಡುಗಿಯರು 1917ರಲ್ಲಿ ಹೈಸ್ಕೂಲಿನ ಕೆಫೆಟೇರಿಯಾದಲ್ಲಿ ಬಿಸ್ಕೀಟು ಮಾರಿ ರೊಕ್ಕ ಕೂಡಿಸಿದರಂತೆ. ಇವತ್ತಿಗೂ ದೇಶದ ತುಂಬ ಅದು ನಡೆದಿದೆ. ಮಾಡಿದ ಬಿಸ್ಕೀಟನ್ನು ತಾವೇ ತಿನ್ನದೆ ಮಾರಾಟದವರೆಗೆ ಉಳಿಸಿಕೊಂಡರಲ್ಲ, ಅದು ದೊಡ್ಡ ಸಂಯಮ. ನಮ್ಮಲ್ಲಿ ಆಗುವ ಮಾತಲ್ಲ.

2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮುಂದೆ ಹೈಸ್ಕೂಲಿಗೂ ಬಂತು. 2013ರಿಂದ ಹಾಲು, ಆಮೇಲೆ ತತ್ತಿ, ಬಾಳೆಹಣ್ಣು, ಕೆಲವು ಕಾಲ ಶೇಂಗಾ ಚಿಕ್ಕಿಯೂ ಇತ್ತು. ಇದು ಒಳ್ಳೆಯದೇ, ಹಸಿದ ಹೊಟ್ಟೆಯಲ್ಲಿ ಸಂಧಿ-ಸಮಾಸ ಇಳಿಯುವುದಿಲ್ಲ. ಹೊಟ್ಟೆ ತುಂಬಿದ ಮಕ್ಕಳು ಸಂಘದ ಸಭೆಗೆ ಹೊರಳಿಯೂ ನೋಡಲಿಕ್ಕಿಲ್ಲ ಎಂದುಕೊಂಡಿದ್ದೆ. ಹಾಗೇನೂ ಆಗಿಲ್ಲ. ಮಗಳ ಇಕೋ ಕ್ಲಬ್ಬಿನ ನಡಾವಳಿ ಪುಸ್ತಕ ನೋಡಿದೆ. ‘ಗಿಡ ನೆಡುವ ಬಗ್ಗೆ ಚರ್ಚಿಸಿ ಮುಂದೂಡಲಾಯಿತು. ಚುರಮರಿಯ ಬಗ್ಗೆ ಸರ್ವಾನುಮತದಿಂದ ಒಪ್ಪಲಾಯಿತು’ ಎಂದಿತ್ತು.

ಸಂಕ್ರಾಂತಿ ಆದ ಮೇಲೆ ಮತ್ತೆ ಸಂತೆ ಹೂಡುತ್ತಾರೆ. ನಿಮ್ಮೂರ ಸಾಲಿಯಲ್ಲೂ ಇದ್ದೀತು, ಹೋಗಿ ಬನ್ನಿ. ಚಿಲ್ಲರೆ ಮಾತ್ರ ಮರೆಯದೆ ಒಯ್ಯಿರಿ. ಐನೂರರ ನೋಟು ಕೊಟ್ಟರೆ ಆ ಹುಡುಗರು ಉಳಿದ ರೊಕ್ಕಕ್ಕೆಲ್ಲ ಮೆಂತೆಪಲ್ಲೆಯನ್ನೇ ಕಟ್ಟಿಕೊಡುತ್ತಾರೆ.