ಇಲ್ಲದ್ದು ದಪ್ಪಕ್ಷರದಲ್ಲಿ

ಹೋಟೆಲಿನಲ್ಲಿ ಕೂತು ತಿಂಡಿ ಏನಿದೆಯಪ್ಪಾ ಎಂದು ಕೇಳಿದಾಗ ಮಾಣಿ, "ಜಿರಲೆ ಇಲ್ಲ ಸಾರ್, ಸೀಮೆಎಣ್ಣೆ ಇಲ್ಲ, ಕಲ್ಲಂತೂ ಇಲ್ಲವೇ ಇಲ್ಲ" ಎಂದರೆ ನಾವು ಎದ್ದು ಬರುತ್ತೇವೆ. ಅದೇ ಧಾಟಿಯಲ್ಲಿ ಶಾಂಪೂ ಬಾಟ್ಲಿ ಮಾತಾಡಿದರೆ ನೂರು ರೂಪಾಯಿ ಹೆಚ್ಚು ಕೊಟ್ಟು ಮನೆಗೆ ತರುತ್ತೇವೆ. ಪ್ಯಾರಾಬೆನ್ ಇಲ್ಲ, ಸಲ್ಫೇಟ್ ಇಲ್ಲ, ಸಿಲಿಕೋನ್ ಇಲ್ಲ, ಅಮೋನಿಯಾ ಇಲ್ಲ. ಇಲ್ಲದ್ದೆಲ್ಲ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ. ಇರುವುದೇನೆಂದು ತಿಳಿಯಬೇಕಾದರೆ ಡಬ್ಬಿ ತಿರುಗಿಸಿ, ಕನ್ನಡಕ ಹುಡುಕಿ, ಬಿಸಿಲಿಗೆ ಹಿಡಿದು ಓದಬೇಕು.

ಸೆಲೂನಿನ ಹುಡುಗ ಕೂದಲಬಣ್ಣದ ಬ್ರಷ್ ಹಿಡಿದು, "ಅಂಕಲ್, ಇದು ಅಮೋನಿಯಾ ಫ್ರೀ, ಏನೂ ಆಗಲ್ಲ" ಎನ್ನುತ್ತಾನೆ. ಕೂದಲಿನ ಹೊರಪದರ ಸಡಿಲಿಸಿ ಬಣ್ಣಕ್ಕೆ ಬಾಗಿಲು ತೆರೆಯುವುದು ಅಮೋನಿಯಾದ ಡ್ಯೂಟಿ. ಅದನ್ನು ಕೆಲಸದಿಂದ ತೆಗೆದರೆ ಆ ಜಾಗಕ್ಕೆ ಸಾಮಾನ್ಯವಾಗಿ ಎಥನಾಲಮೈನ್ ಬಂದು ಕೂರುತ್ತದೆ. ಮೂಗಿಗೆ ಹೊಡೆಯುವುದಿಲ್ಲವಾದ್ದರಿಂದ ಅದು ಸಭ್ಯಸ್ಥ. ಇಷ್ಟೆಲ್ಲ ವರ್ಗಾವಣೆ ನಡೆಯುವಾಗ ಒಳಕೋಣೆಯಲ್ಲಿ ಅಲುಗದೆ ಕೂತು ಬಣ್ಣ ಕೊಡುವ ಆಸಾಮಿ ಬೇರೆ: ಪ್ಯಾರಾ-ಫಿನೈಲಿನ್‌ಡೈಅಮೀನ್, ಮನೆಮಂದಿಗೆ ಪಿಪಿಡಿ. 2006ರಲ್ಲಿ ಅಮೆರಿಕದ ಚರ್ಮವೈದ್ಯರ ಸಂಘವೊಂದು ಇದನ್ನು 'ವರ್ಷದ ಅಲರ್ಜಿಕಾರಕ' ಎಂದು ಆರಿಸಿತು. ರಾಜ್ಯೋತ್ಸವ ಪ್ರಶಸ್ತಿಗೆ ಲಾಬಿ ಮಾಡುವವರು ಗಮನಿಸಬೇಕು, ಇದಕ್ಕೆ ಅರ್ಜಿಯನ್ನೂ ಹಾಕಬೇಕಾಗಲಿಲ್ಲ.

"ನಾನು ಕೆಮಿಕಲ್ ಮುಟ್ಟಲ್ಲ, ಹರ್ಬಲ್ಲೇ" ಎನ್ನುವವರ ಕಥೆ ಇನ್ನೂ ಸೊಗಸು. ಅಜ್ಜಿ ಅರೆದ ಮದರಂಗಿ ಕೆಂಪು ಬಿಟ್ಟು ಇನ್ನೊಂದು ಬಣ್ಣ ಕೊಟ್ಟದ್ದಿಲ್ಲ. ನೀಲಿಗಿಡದ ಪುಡಿಯನ್ನೂ ಸೇರಿಸಿ ತಲೆಗೆ ಮೆತ್ತಿಕೊಂಡು ಗಂಟೆಗಟ್ಟಲೆ ಕೂತರೆ ಕಪ್ಪಿನ ಹತ್ತಿರ ಬಂದೀತು. ಕಾಲು ಗಂಟೆಯಲ್ಲಿ ಕಾಗೆಗಪ್ಪಾಗಿಸುವ 'ಹರ್ಬಲ್ ಹೆನ್ನಾ'ಗಳಲ್ಲಿ ಎಷ್ಟೋ ಸಲ ಭೃಂಗರಾಜ, ನೆಲ್ಲಿಕಾಯಿ, ದಾಸವಾಳ ಚಿತ್ರದಲ್ಲಿ ಮಿಂಚುತ್ತವೆ, ಪಿಪಿಡಿ ಪುಡಿಯಲ್ಲಿ ದುಡಿಯುತ್ತದೆ.

ಸರ್ಕಾರ ಕಣ್ಮುಚ್ಚಿ ಕೂತಿದೆ ಎನ್ನಬೇಡಿ, ಪಾಪ ಬರುತ್ತದೆ. ಪಿಪಿಡಿ ಇರುವ ಬಣ್ಣದ ಒಳಹೊದಿಕೆ, ಹೊರಹೊದಿಕೆ ಎರಡರ ಮೇಲೂ ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಗಳಲ್ಲೂ ಎಚ್ಚರಿಕೆ ಅಚ್ಚಾಗಿರಬೇಕು ಎಂದು ಕಾನೂನೇ ಇದೆ. ಹುಬ್ಬಿಗೆ, ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದು ಎಂಬುದು ಅದರಲ್ಲಿ ಒಂದು. ಉತ್ಪ್ರೇಕ್ಷೆಯಲ್ಲ, 1933ರ ಸುಮಾರಿಗೆ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆಬಣ್ಣ ಕಣ್ಣುಗಳನ್ನೇ ತೆಗೆದಿತ್ತು. ಇನ್ನು ಪರೀಕ್ಷೆಯ ವಿಧಿ: ಕಿವಿಯ ಹಿಂದೆ ಅಥವಾ ಮುಂಗೈ ಒಳಬದಿಯಲ್ಲಿ ಸಾಬೂನು ಹಾಕಿ ತೊಳೆದು, ಕಲಸಿದ ಬಣ್ಣ ತುಸು ಸವರಿ, ಒಣಗಲು ಬಿಟ್ಟು, 24 ಗಂಟೆಯ ನಂತರ ತೊಳೆದು, ಉರಿ ತುರಿಕೆ ಕಾಣದಿದ್ದರೆ ಮಾತ್ರ ಮುಂದುವರಿಯಬೇಕು. ಪ್ರತಿಸಲವೂ ಹೀಗೆಯೇ.

ಈಗ ಮದುವೆ ಮನೆಗೆ ಬನ್ನಿ. ಬೆಳಿಗ್ಗೆ ಆರೂವರೆಗೆ ಧಾರೆ. ಹಿಂದಿನ ರಾತ್ರಿ ಹತ್ತಕ್ಕೆ ಹುಡುಗಿಯ ಸೋದರಮಾವನಿಗೆ ತನ್ನ ನರೆ ನೆನಪಾಗುತ್ತದೆ. ಸ್ಯಾಷೆಯನ್ನು ಹಲ್ಲಿನಲ್ಲಿ ಹರಿದು, ಬಾತ್‌ರೂಮಿನ ಸೋಪಿನ ಡಬ್ಬಿಯಲ್ಲಿ ಕಲಸಿ, ಹಳೇ ಟೂತ್‌ಬ್ರಷ್ಷಿನಲ್ಲಿ ಮೀಸೆಗೆ, ಉಳಿದದ್ದು ಹಾಳಾಗಬಾರದೆಂದು ಹುಬ್ಬಿಗೆ. ಯಾರಾದರೂ ಬೇಡವೆಂದರೆ, "ಹತ್ತು ವರ್ಷದಿಂದ ಹಚ್ತಾ ಇದೀನಿ ಕಣಯ್ಯಾ, ಏನೂ ಆಗಿಲ್ಲ." ಈ ಅಲರ್ಜಿ ಅವರಿಗಿಂತ ತಾಳ್ಮೆವಂತ. ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಏಳುತ್ತದೆ, ಎದ್ದಮೇಲೆ ಜೀವಮಾನವಿಡೀ ಮಲಗುವುದಿಲ್ಲ. ಅದೂ ತಕ್ಷಣವಲ್ಲ, ಒಂದೆರಡು ದಿನ ಬಿಟ್ಟು. ಹೀಗಾಗಿ ಮಾವನವರ ಧಾರೆಯ ಫೋಟೋ ಚೆನ್ನಾಗಿಯೇ ಬರುತ್ತದೆ. ರೆಪ್ಪೆ ಊದುವುದು ಬೀಗರೂಟಕ್ಕೆ. ಕೆಲವರಿಗೆ ಹಣೆ, ಕೆನ್ನೆ ಕಪ್ಪಿಟ್ಟು ನಿಲ್ಲುತ್ತದೆ. ಕಪ್ಪು ಕೊಡುತ್ತೇವೆ ಎಂದಿತ್ತು ಕಂಪನಿ, ಎಲ್ಲಿಗೆ ಎಂದಿರಲಿಲ್ಲ.

(ಎಪ್ಪತ್ತು ದಾಟಿಯೂ ಒಂದೇ ಒಂದು ಬಿಳಿಗೂದಲಿಲ್ಲದೆ ಸದನದಲ್ಲಿ ಕೂತಿರುವ ನಾಯಕರನ್ನು ಈ ವಿಷಯದ ಅಧ್ಯಯನ ಸಮಿತಿಗೆ ಹಾಕಬಹುದು. ಅನುಭವಸ್ಥರು.)

ಪಾರ್ಲರಿನಲ್ಲಿ ಇದೇ ನಾಟಕ, ಟಿಕೆಟ್ ಮಾತ್ರ ದುಬಾರಿ. ಗುಂಗುರು ಕೂದಲನ್ನು ಲಾಠಿಯಂತೆ ನೆಟ್ಟಗಾಗಿಸುವ ಕ್ರೀಮುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಶವಾಗಾರದ ಫಾರ್ಮಲಿನ್ ಅದೇ ಮನೆತನ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮುಂದೆ 'ಫಾರ್ಮಾಲ್ಡಿಹೈಡ್ ಫ್ರೀ' ಲೇಬಲ್ಲುಗಳು ಕಾಣಿಸಿಕೊಂಡವು. 2010ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದವರು 'ಬ್ರೆಜಿಲಿಯನ್ ಬ್ಲೋಔಟ್' ಎಂಬ ಅಂಥದೊಂದು ಬಾಟ್ಲಿಯನ್ನು ಪರೀಕ್ಷಿಸಿದರೆ ಒಳಗೆ ಅದೇ ಮಹಾಶಯ! ಇದು ಮೀಥಿಲೀನ್ ಗ್ಲೈಕಾಲ್ ಎಂಬುದು ಕಂಪನಿಯ ವಾದ. ಅಂದರೆ ಫಾರ್ಮಾಲ್ಡಿಹೈಡ್ ನೀರಿಗಿಳಿದು ಹೆಸರು ಬದಲಿಸಿ ಸನ್ಯಾಸ ತೆಗೆದುಕೊಂಡಿದೆ, ಬಿಸಿ ಐರನ್ ತಾಗಿದೊಡನೆ ಪೂರ್ವಾಶ್ರಮಕ್ಕೆ ಮರಳಿ ಹೊಗೆಯಾಗುತ್ತದೆ. ಆ ಹೊಗೆಯನ್ನು ಗಿರಾಕಿ ಕುಡಿಯುವುದು ವರ್ಷಕ್ಕೆ ಎರಡು ಸಲವಿದ್ದೀತು. ಐರನ್ ಹಿಡಿದ ಹುಡುಗಿ ಕುಡಿಯುವುದು ದಿನಾ, ಎಸಿ ಕೆಡಬಾರದೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ. "ಕಣ್ಣಲ್ಲಿ ನೀರು ಬರ್ತಿದ್ರೆ ಚೆನ್ನಾಗಿ ಹಿಡೀತಿದೆ ಅಂತ ಮೇಡಂ" ಎಂದು ಹೇಳಲು ಅವಳಿಗೆ ಕಲಿಸಿಯೂ ಇರುತ್ತಾರೆ.

ಬದಲಿಗೆ ಬಂದದ್ದು ಗ್ಲೈಆಕ್ಸಿಲಿಕ್ ಆಸಿಡ್. 2024ರಲ್ಲಿ ಫ್ರಾನ್ಸಿನ ವೈದ್ಯರು 26ರ ಯುವತಿಯೊಬ್ಬಳ ಪ್ರಕರಣ ವರದಿ ಮಾಡಿದರು: ಕೂದಲು ನೇರ ಮಾಡಿಸಿಕೊಂಡ ಮೂರು ಸಲವೂ ಅವಳ ಕಿಡ್ನಿಗೆ ಪೆಟ್ಟು. ಅದೇ ಕ್ರೀಮನ್ನು ಇಲಿಗಳ ಮೈಗೆ ಹಚ್ಚಿ ನೋಡಿದರೆ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಳು.

ಚಿಂತೆ ಬೇಡ, ಪಾರ್ಲರಿನವರೂ ಪೇಪರ್ ಓದುತ್ತಾರೆ.

"ಮೇಡಂ, ಇದು ಹೊಸಾದು. ಗ್ಲೈಆಕ್ಸಿಲಿಕ್ ಕೂಡ ಇಲ್ಲ. ಎಂಟುನೂರು ಜಾಸ್ತಿ ಆಗುತ್ತೆ ಅಷ್ಟೇ."

"ಹಾಗಾದ್ರೆ ಇದರಲ್ಲಿ ಏನಿದೆಯಮ್ಮಾ?"

"ಪ್ರೋಟೀನ್, ಮೇಡಂ."