ಮಾವನವರ ಕಿವಿಯಲ್ಲಿ ಕುಕ್ಕರ್ ಶಿಳ್ಳೆ

ಮಹದೇವಪುರದಲ್ಲಿ ಕಿವಿ ಮಂದವಾಗುವುದು ಪೂರ್ವಜನ್ಮದ ಪುಣ್ಯ ಎಂಬುದು ನಮ್ಮ ಮಾವನವರ ವಾದ. ಹೊರವರ್ತುಲ ರಸ್ತೆಯ ಹಾರ್ನು, ಹಿಂದಕ್ಕೆ ಬರುವ ನೀರಿನ ಟ್ಯಾಂಕರಿನ ಸಂಗೀತ, ಪಕ್ಕದ ಸೈಟಿನ ಡ್ರಿಲ್ಲಿಂಗ್ ಇವನ್ನೆಲ್ಲ ದುಡ್ಡು ಕೊಟ್ಟು ಕೇಳಬೇಕೇ?

ಆದರೂ ಮೊಮ್ಮಗ ಆನ್‌ಲೈನಿನಲ್ಲಿ ಒಂದು ಕಿವಿ ಮಿಷನ್ ತರಿಸಿಬಿಟ್ಟ. ಅದಕ್ಕೆ ಭೇದಭಾವವೇ ಇಲ್ಲ. ಟ್ಯಾಂಕರ್, ಫ್ಯಾನು, ಅತ್ತೆಯವರ ಮಾತು ಎಲ್ಲವನ್ನೂ ಒಂದೇ ಸಮ ಎತ್ತಿ ಕೊಡುವುದು. ಕಿವಿಗೆ ಸರಿಯಾಗಿ ಕೂರದ ಕಾರಣ, ಮಾವನವರು ಚಪಾತಿ ಅಗಿದಾಗಲೆಲ್ಲ ಶಿಳ್ಳೆ. ಅತ್ತೆ ಗ್ಯಾಸ್ ಆರಿಸಲು ಓಡುವರು.

ಕೊನೆಗೆ ಶ್ರವಣತಜ್ಞೆಯ ಬಳಿ ಹೋದೆವು. (ಇಂಥವರನ್ನು ತಯಾರು ಮಾಡಲೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.) ಮೊದಲು ಗುಗ್ಗೆ ತೆಗೆಸಿದರು. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಸ್‌ವರೆಗೆ ಪರೀಕ್ಷೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಾಂಕಗಳನ್ನಂತೆ. ಸ, ಶಗಳು ಜಾರಿ ಸ್ವರಗಳಷ್ಟೇ ಉಳಿಯುತ್ತವೆ. "ಸಾರು ಬೇಕಾ?" ಎಂದರೆ "ಯಾರೂ ಬೇಡ" ಎನ್ನುತ್ತಿದ್ದುದರ ಗುಟ್ಟು ರಟ್ಟಾಯಿತು! ಕಿವಿಯ ಅಚ್ಚು ತೆಗೆದು, ಒಳಗೆ ಸಪೂರ ನಳಿಗೆ ಇಟ್ಟು ಅಳೆದು, ಎಲ್ಲಿ ಕೊರತೆಯೋ ಅಲ್ಲಿಗಷ್ಟೇ ಸದ್ದು ಏರಿಸಿದರು.

ಮರುಹೊಂದಾಣಿಕೆಗೆ ಹೋದ ದಿನ ಅತ್ತೆ ತಜ್ಞೆಯನ್ನು ಪಕ್ಕಕ್ಕೆ ಕರೆದರು: "ನಾನು ನಮ್ಮ ತಂಗಿ ಜೊತೆ ಫೋನಲ್ಲಿ ಮಾತಾಡೋವಾಗ ಮಾತ್ರ ಇವರಿಗೆ ಸ್ವಲ್ಪ ಕಮ್ಮಿ ಕೇಳೋ ಹಾಗೆ ಮಾಡಕ್ಕಾಗಲ್ವಾಮ್ಮ?"

ಮಾವನವರು ಆಚೆ ಕುರ್ಚಿಯಿಂದಲೇ ಕೂಗಿದರು: "ಆಗಲ್ಲ!"